ಸೊಪ್ಪು ಆರಿಸುವ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಮನೆಯಲ್ಲಿ ಉಂಡು ಬಂದವರ ಆರೋಗ್ಯ ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಖುಷಿಯಾಗಿ ಉಂಡು ಬಂದವರನ್ನು ನಾನಂತೂ ಇದುವರೆಗೆ ಕಂಡಿಲ್ಲ! ಈಚೆಗೆ ಆ ಮನೆಯಲ್ಲಿ ನಗುವುದಕ್ಕೇ ಹೆದರಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ತಪ್ಪು ಅವರದಲ್ಲ, ರೇಷ್ಮೆ ಹುಳುವಿನದು. ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ ಹುಳು ಸಾಕಿಕೊಂಡೇ ಅವರ ತಲೆ ನರೆತದ್ದು. ಮರಿಹುಳುವಿಗೆ ಎಳೆಸೊಪ್ಪು, ದೊಡ್ಡದಕ್ಕೆ ಬಲಿತದ್ದು, ಒದ್ದೆ ಸೊಪ್ಪು ಹಾಕಿದರೋ ಬೆಳೆ ಕೈಬಿಟ್ಟ ಹಾಗೇ. ಹಿಪ್ಪುನೇರಳೆ ಸೊಪ್ಪನ್ನು ಹೀಗೆ ಆರಿಸಿ ಆರಿಸಿ, ಕೊನೆಗೆ ನೆಂಟರೂ ಅವರ ಕಣ್ಣಿಗೆ ಮೇವಿಗೆ ಕೂತ ಹುಳುಗಳ ಹಾಗೇ ಕಾಣತೊಡಗಿದರು. ಮನೆಗೆ ಹೋದರೆ "ಚೆನ್ನಾಗಿದ್ದೀಯಾ" ಅಂತ ಕೇಳುವುದಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಇಲ್ಲ ಕಣಮ್ಮ, ನುಗ್ಗೆಸೊಪ್ಪು ತಿನ್ನು" ಅನ್ನುತ್ತಾರೆ. ನಾನು ಹೊಸ ಸೀರೆ ತೋರಿಸೋಣ ಅಂತ ಹೋಗಿದ್ದೆ!

ಒಮ್ಮೆ ಚಿಂತಾಮಣಿಯ ಬೇಕರಿಯಿಂದ ಹನಿ ಕೇಕ್ ಒಯ್ದೆ. ಪೊಟ್ಟಣವನ್ನು ಎರಡೇ ಬೆರಳಲ್ಲಿ ಎತ್ತಿ, "ಏಮ್ಮಾ, ಯಾರಿಗೆ ಇದು?" ಅಂದರು.

"ನಿಮಗೇ ದೊಡ್ಡಪ್ಪ."

"ನಿಂಗೆ ನಾನೇನಮ್ಮ ಅನ್ಯಾಯ ಮಾಡಿದ್ದೆ?"

ಹೋಗಲಿ, ಹಸುವಿಗೆ ಹಾಕುತ್ತೇನೆ ಅಂದರೆ, "ಅಯ್ಯೋ ಬ್ಯಾಡ, ಅದು ಗಬ್ಬ ಆಗೈತೆ!" ಅಂದರು.

ಗೌರಿಬಿದನೂರಿನಲ್ಲಿ ನನ್ನ ತಂಗಿಯ ಮದುವೆ. ಊಟದ ಪಂಕ್ತಿಯಲ್ಲಿ ಗಂಡಿನ ತಂದೆಯ ಪಕ್ಕಕ್ಕೇ ಇವರು ಕೂರಬೇಕೇ! ಬೀಗರಿಗೆ ಜಿಲೇಬಿ ಬಡಿಸಲು ಬಂದರೆ, ಎಲೆಗೆ ಕೈ ಅಡ್ಡ ಇಟ್ಟು, "ಇವ್ರಿಗೆ ಕೋಸಂಬರಿ ಹಾಕಪ್ಪ" ಅಂದರು.

"ಏನ್ರೀ, ಇದು ಮದ್ವೇನಾ, ಆಸ್ಪತ್ರೇನಾ?" ಬೀಗರು ಕೆಂಡವಾದರು.

"ಆಸ್ಪತ್ರೇಲಿ ಇಷ್ಟು ಒಳ್ಳೆ ಕೋಸಂಬರಿ ಕೊಡಲ್ಲ ಸ್ವಾಮಿ, ತಿನ್ನಿ!"

ಬೀಗರು ಎಲೆ ಮಡಚಿ ಎದ್ದೇಬಿಟ್ಟರು. ದೊಡ್ಡಮ್ಮ ಹಿಂದೆಯೇ ಓಡಿ, ಕೈ ಮುಗಿದು ಕರೆತಂದು, ಪಕ್ಕದಲ್ಲಿ ನಿಂತು ಜಿಲೇಬಿ ಬಡಿಸಿದರು. ನಮ್ಮ ಮಾನ ಉಳಿದದ್ದು ಹಾಗೆ.

ಹೋದ ವರ್ಷ ಆ ದೊಡ್ಡಮ್ಮನೇ ಊಟ ಬಿಟ್ಟರು. ಹೊಟ್ಟೆಯಲ್ಲಿ ಗೆಡ್ಡೆ. ಮದುವೆಯಾದಾಗಿನಿಂದ ಗಂಡ ಆರಿಸಿ ಕೊಟ್ಟದ್ದನ್ನೇ ತಿಂದವರಿಗೆ!

"ನಾನು ತಂದಾಕಿದ್ ಸೊಪ್ಪೆಲ್ಲ ಏನಾಯ್ತು ಡಾಕ್ಟ್ರೇ?" ಅಂತ ದೊಡ್ಡಪ್ಪ ಕೇಳಿದರು.

"ಇದು ಊಟದಿಂದ ಬಂದಿದ್ದಲ್ಲ ಯಜಮಾನ್ರೇ. ಇನ್ನು ಅವರಿಗೆ ಏನು ಇಷ್ಟಾನೋ ಅದನ್ನ ಕೊಡಿ" ಅಂದರು ಡಾಕ್ಟರು. ಆ ಮಾತಿನ ಅರ್ಥ ನನಗೆ ಆಯಿತು. ದೊಡ್ಡಪ್ಪ ಮಾತ್ರ ಕೇಳಿಸಿಕೊಳ್ಳಲೇ ಇಲ್ಲ.

ಹುಳು ಮೇವು ಬಿಟ್ಟರೆ ತಪ್ಪು ಸೊಪ್ಪಿನದು, ಹುಳುವಿನದಲ್ಲ ಅನ್ನುವುದು ಅವರ ಲೆಕ್ಕ. ರಾಗಿ ಅಂಬಲಿ ಬೇಡವೆಂದರೆ ಹುರುಳಿಕಟ್ಟಿನ ಸಾರು. ಅದೂ ಬೇಡವೆಂದರೆ ಹೊಲದ ಬದುವಿನಲ್ಲಿ ಬಗ್ಗಿ ಬಗ್ಗಿ ಕುಯ್ದು ತಂದ ಬೆರಕೆ ಸೊಪ್ಪು ಬೇಯಿಸಿ, ಸೋಸಿದ ತಿಳಿ. ಬಟ್ಟಲು ಹೋದ ಹಾಗೇ ವಾಪಸ್ಸು ಬರುತ್ತಿತ್ತು. "ಇವತ್ತಿಂದು ಬಲಿತುಬಿಟ್ಟಿತ್ತು ಕಣಮ್ಮ, ನಾಳೆ ಎಳೇದು ತರ್ತೀನಿ" ಅಂತ ನನಗೆ ಸಮಾಧಾನ ಹೇಳುತ್ತಿದ್ದರು. ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದೆ.

ಒಂದು ಮಧ್ಯಾಹ್ನ ಬಟ್ಟಲು ಹಿಡಿದು ಮಂಚದ ಪಕ್ಕ ಕೂತು, "ಏನು ತಿಂತೀಯೋ ನೀನೇ ಹೇಳೇ. ಏನು ಹೇಳಿದ್ರೂ ತರ್ತೀನಿ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ದೊಡ್ಡಮ್ಮ ಅವರ ಮುಖವನ್ನೇ ನೋಡಿದರು. "ನೀವು ಊಟ ಮಾಡಿ ಎಷ್ಟು ದಿನ ಆಯ್ತು?"

ದೊಡ್ಡಪ್ಪ ಬಟ್ಟಲನ್ನು ನೆಲಕ್ಕಿಟ್ಟರು.

"ನಂಗೇನೂ ಬೇಡ. ನೀವು ತಿನ್ನಿ. ನಾನು ಹೋದ್ಮೇಲೆ ಹಿಂಗೇ ಮಾಡ್ಬಾರ್ದು. ನನ್ನೆದುರಿಗೇ ಕೂತು ತಿನ್ನಿ, ನೋಡ್ತೀನಿ."

ನಾನು ಮುದ್ದೆ, ಸಾರು ಬಡಿಸಿ ತಂದೆ. ದೊಡ್ಡಪ್ಪ ಬಿಕ್ಕುತ್ತಲೇ ನುಂಗಿದರು. ಮುದ್ದೆ ಗಂಟಲಲ್ಲಿ ನಿಂತಾಗ ದೊಡ್ಡಮ್ಮ, "ನಿಧಾನ, ನೀರು ಕುಡೀರಿ" ಅಂದರು. ತಟ್ಟೆ ಖಾಲಿಯಾಗುವವರೆಗೂ ಅವರು ಕಣ್ಣು ಮುಚ್ಚಲಿಲ್ಲ.