ಇವತ್ತು ಬಿಟ್ಟೇಬಿಡ್ತೀನಿ

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಕ್ರಿಯಾಪದ. ಅದನ್ನು ಆಡಿದವರು ಗ್ರೀಸಪ್ಪನವರು, ಕೇಳಿಸಿಕೊಂಡವರು ಪಕ್ಕದ ಮನೆಯ ಮೇಷ್ಟ್ರು.

ಗ್ರೀಸಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದಷ್ಟು ಕಾಲವೂ ಅವರು ಮುಟ್ಟಿದ ಕಾಗದದ ಮೇಲೆಲ್ಲ ಹೆಬ್ಬೆರಳಿನ ಕಪ್ಪು ಗುರುತು ಬೀಳುತ್ತಿತ್ತು. ಹೆಸರು ಅಲ್ಲಿ ಹುಟ್ಟಿತು, ನಿವೃತ್ತಿಯಾದಾಗ ಅವರ ಜೊತೆಗೇ ಮನೆಗೆ ಬಂತು. ಯಾರೋ ಮೂಲೆಗೆ ತಳ್ಳಿದ, ತುಕ್ಕು ತಿಂದ ಹಳೇ ಕಾರನ್ನು ಹಿತ್ತಲಿನ ಷೆಡ್ಡಿಗೆ ಎಳೆದು ತರುವುದು, ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಉಜ್ಜುವುದು, ಮತ್ತೆ ಜೋಡಿಸುವುದು. ಮೀಸೆ ಮೂಡಿದಾಗ ಹಿಡಿದ ಈ ಹುಚ್ಚು ಮೀಸೆ ನರೆತ ಮೇಲೂ ಇಳಿದಿರಲಿಲ್ಲ.

ಆದರೆ ಒಂದು ಆಸೆ ಹಾಗೇ ಉಳಿದುಹೋಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದರು: "ಇದೊಂದು ಮುಗೀಲಿ, ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೆರೆ ತನಕ ಒಂದು ರೌಂಡು ಹೋಗಿ ಬರೋಣ." ಆ ಕಾರು ಮುಗಿದ ವಾರವೇ ಮನೆಯ ಸೂರು ಸೋರಿತು, ಕಾರು ಮಾರಿ ಸೂರು ಹಾಕಿಸಿದರು. ಮುಂದಿನ ಕಾರು ಮಗಳ ಕಾಲೇಜಿಗೆ ಹೋಯಿತು. ಅದರ ಮುಂದಿನದು ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹೋಯಿತು. ಹೀಗೆ ಅವರ ಷೆಡ್ಡಿನಿಂದ ಹೊರಟ ಕಾರುಗಳು ಎಲ್ಲೆಲ್ಲಿಗೋ ಹೋದವು, ಕೆರೆಗೆ ಮಾತ್ರ ಹೋಗಲಿಲ್ಲ. "ಕೆರೆಗೆ ಯಾವಾಗ ರೀ?" ಎಂದು ಮೊದಮೊದಲು ಆಕೆ ಕೇಳುತ್ತಿದ್ದಳು. ಆಮೇಲೆ ನಗುತ್ತ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ನಿಲ್ಲಿಸಿದಳು. ಯಾವಾಗ ನಿಲ್ಲಿಸಿದಳೆಂಬುದು ಗ್ರೀಸಪ್ಪನವರಿಗೆ ನೆನಪಿಲ್ಲ, ಅವರನ್ನು ಒಳಗೊಳಗೇ ಕೊರೆಯುತ್ತಿದ್ದುದು ಅದೇ.

ಅಂದು ಬೆಳಿಗ್ಗೆ ಷೆಡ್ಡಿನಲ್ಲಿದ್ದ ದುಂಡು ಮುಖದ ಹಸಿರು ಕಾರು ಒಂದೆರಡು ಸಲ ಕೆಮ್ಮಿ, ಮೈ ಕೊಡವಿ, ಶುರುವಾಯಿತು. ಸದ್ದು ಹದವಾಗಿತ್ತು. ಗ್ರೀಸಪ್ಪನವರು ಬಾನೆಟ್ಟಿನ ಮೇಲೆ ಕೈಯಿಟ್ಟು, ಕೂಸಿನ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತರು.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಬಂದಳು. "ಶುರುವಾಯ್ತಾ?"

"ಆಯ್ತು!"

"ಪೂರ್ತಿ ಮುಗೀತಾ ಹಾಗಾದ್ರೆ? ಇನ್ನೇನೂ ಉಳಿದಿಲ್ವಾ?"

"ಒಂದು ಸ್ಕ್ರೂ ಕೂಡ ಉಳಿದಿಲ್ಲ!"

"ಓ" ಎಂದು ಆಕೆ ಒಳಗೆ ಹೋದಳು.

ಆ 'ಓ'ದಲ್ಲಿ ಸಂತೋಷವನ್ನು ಎಷ್ಟು ಹುಡುಕಿದರೂ ಗ್ರೀಸಪ್ಪನವರಿಗೆ ಸಿಗಲಿಲ್ಲ. ಪಾಪ, ಇದೂ ಮಾರಾಟಕ್ಕೇ ಎಂದುಕೊಂಡಿದ್ದಾಳೆ ಎಂದು ಮರುಗಿದರು. ಪಕ್ಕದ ಸೀಟಿಗೆ ಹೊಸ ಸ್ಪಂಜು ಹಾಕಿಸಿದ್ದರು, ಹೊಸ ರೆಕ್ಸಿನ್ ಹೊಲಿಸಿದ್ದರು. ಅದರ ಮೇಲೆ ಒಂದು ಸ್ಪ್ಯಾನರ್ ಇಟ್ಟವರಲ್ಲ, ತಾವೂ ಕೂತವರಲ್ಲ. ಸಂಜೆ ಏನೂ ಹೇಳದೆ ಕೈ ಹಿಡಿದು ಕರೆತಂದು ಅಲ್ಲಿ ಕೂರಿಸಿಬಿಡಬೇಕು ಎಂದು ತೀರ್ಮಾನಿಸಿದರು.

ಇಂಥ ಸಂತೋಷ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ಕಾಂಪೌಂಡಿನಾಚೆ ಮೇಷ್ಟ್ರು ಕಂಡರು.

"ಮೇಷ್ಟ್ರೇ, ತೀರ್ಮಾನ ಮಾಡ್ಬಿಟ್ಟೆ. ಇವತ್ತು ಸಂಜೆ ಗಾಡಿ ಬಿಟ್ಟೇಬಿಡ್ತೀನಿ! ಮನೇಲಿ ಮಾತ್ರ ಹೇಳ್ಬೇಡಿ."

ಬೇರೆ ದಿನವಾಗಿದ್ದರೆ ಮೇಷ್ಟ್ರಿಗೆ ಸರಿಯಾಗಿಯೇ ಅರ್ಥವಾಗುತ್ತಿತ್ತು. ಎಷ್ಟೆಂದರೂ ವ್ಯಾಕರಣ ಕಲಿಸಿದವರು. ಆದರೆ ಹಿಂದಿನ ದಿನವಷ್ಟೇ ಅವರು ಸಿಗರೇಟು ಬಿಟ್ಟಿದ್ದರು. ಬಾಯಲ್ಲಿ ಲವಂಗ, ಕಣ್ಣಲ್ಲಿ ನೀರು. ಬಿಡುವುದಕ್ಕೆ ಜಗತ್ತಿನಲ್ಲಿ ಇರುವುದು ಒಂದೇ ಅರ್ಥ, ಬಿಡುವವರೆಲ್ಲ ತಮ್ಮ ಬಂಧುಗಳು ಎಂಬ ಸ್ಥಿತಿಯಲ್ಲಿದ್ದರು.

"ನೀವೂನಾ!" ಎಂದು ಗೋಡೆಯ ಮೇಲಿಂದ ಕೈ ಚಾಚಿ ಗ್ರೀಸಪ್ಪನವರ ಕೈ ಹಿಡಿದುಕೊಂಡರು. "ಒಂದೇ ಸಲಕ್ಕೆ ಬಿಡ್ತೀರಾ, ಇಲ್ಲ ನಿಧಾನವಾಗಿ ಬಿಡ್ತೀರಾ?"

"ಮೊದಲು ನಿಧಾನವಾಗೇ ಬಿಡ್ತೀನಿ. ಸ್ವಲ್ಪ ಎಳೆಯುತ್ತೆ, ನೋಡ್ಕೋಬೇಕು."

"ಎಳೆಯುತ್ತೆ, ಎಳೆಯುತ್ತೆ" ಎಂದರು ಮೇಷ್ಟ್ರು ಗದ್ಗದರಾಗಿ. "ನಂಗೆ ಊಟ ಆದ ತಕ್ಷಣ ಎಳೆಯುತ್ತೆ."

ಊಟಕ್ಕೂ ಸ್ಟೇರಿಂಗಿಗೂ ಏನು ಸಂಬಂಧವೆಂದು ಗ್ರೀಸಪ್ಪನವರಿಗೆ ಹೊಳೆಯಲಿಲ್ಲ. ಹೊಳೆಯದ್ದನ್ನು ಕೇಳುವಷ್ಟು ವ್ಯವಧಾನವೂ ಇರಲಿಲ್ಲ. ಇತ್ತ ಮೇಷ್ಟ್ರು ಗುಟ್ಟನ್ನು ತಮ್ಮ ಹೆಂಡತಿಗೆ ಮಾತ್ರ ಹೇಳಿದರು. ಆಕೆ ಬೀದಿಗೆ ಮಾತ್ರ ಹೇಳಿದರು.

ಗ್ರೀಸಪ್ಪನವರು ಹೆಂಡತಿಗೆ ಇಷ್ಟವಾದ ತಿಳಿನೀಲಿ ಶರ್ಟು ಹಿಡಿದು ಇಸ್ತ್ರಿ ಅಂಗಡಿಗೆ ಹೋದರೆ ಸುದ್ದಿ ಅವರಿಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು.

"ಏನ್ ಸಾರ್, ಬಿಡ್ತೀರಂತೆ?"

"ಆಗಲೇ ಗೊತ್ತಾಯ್ತಾ? ಸಂಜೆ ಬಿಡ್ತೀನಪ್ಪ. ಅದಕ್ಕೇ ಈ ಶರ್ಟು."

ಇಸ್ತ್ರಿಯವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವರ ಮುಖ ನೋಡಿದ. ಕಾರಿನ ಹುಚ್ಚು ಬಿಡುವುದಕ್ಕೆ ಶರ್ಟು ಇಸ್ತ್ರಿ ಮಾಡಿಸಿಕೊಳ್ಳುವವರನ್ನು ಅವನು ಕಂಡಿರಲಿಲ್ಲ. "ದೊಡ್ಡ ಮನಸ್ಸು ಸಾರ್ ನಿಮ್ದು. ಅಮ್ಮಾವ್ರಿಗೆ ಖುಷಿ ಆಗುತ್ತೆ."

"ಅವಳಿಗೋಸ್ಕರಾನೇ ಬಿಡ್ತಿರೋದು ಕಣಪ್ಪ" ಎಂದು ಗ್ರೀಸಪ್ಪನವರು ಶರ್ಟಿನ ತೋಳು ಸವರಿದರು. ಇಸ್ತ್ರಿಯವನು ಮೂಗು ಒರೆಸಿಕೊಂಡ, ಕಾಲರಿಗೆ ಇನ್ನೊಂದು ಸಲ ಪೆಟ್ಟಿಗೆ ಎಳೆದ.

ಕ್ಯಾನಿನಲ್ಲಿ ಪೆಟ್ರೋಲು ತುಂಬಿಸಿಕೊಂಡು ಬರುವಾಗ ಎದುರಿಗೆ ಸಿಕ್ಕಿದವನು ಹೆಂಡತಿಯ ತಮ್ಮ. ಅವನ ಹೆಗಲ ಮೇಲೆ ಗ್ರೀಸಪ್ಪನವರ ಟೂಲ್ ಬಾಕ್ಸು.

"ಭಾವ, ಇದು ನಂಗಿರ್ಲಿ. ಬಿಡೋರಿಗೆ ಸ್ಪ್ಯಾನರ್ ಯಾಕೆ?"

"ಬಿಡೋಕೆ ಬೇಡ, ನಿಜ. ದಾರೀಲಿ ಕೈ ಕೊಟ್ರೆ ಏನೋ ಮಾಡ್ಲಿ?"

"ಹಾಗೆಲ್ಲ ಮನಸ್ಸು ಸಡಿಲ ಮಾಡ್ಬಾರ್ದು ಭಾವ. ಹತ್ರ ಇದ್ರೆ ತಾನೇ ಕೈ ತುರಿಸೋದು?"

ಇಂದು ಒಂದು ದಿನ ಯಾರೊಡನೆಯೂ ಜಗಳ ಬೇಡ, ನಾಳೆ ಇವನ ಕಿವಿ ಹಿಂಡಿ ವಾಪಸು ತಂದರಾಯಿತು ಎಂದು ಗ್ರೀಸಪ್ಪನವರು ಸುಮ್ಮನಾದರು. ಭಾವಮೈದನ ಕಣ್ಣು ಆಗ ಕ್ಯಾನಿನ ಮೇಲೆ ಬಿತ್ತು.

"ಪೆಟ್ರೋಲ್ ಯಾಕೆ ಭಾವ?"

"ಒಳ್ಳೇ ಪ್ರಶ್ನೆ! ಪೆಟ್ರೋಲ್ ಸುರೀದೆ ಗಾಡಿ ಬಿಡೋದು ಹೇಗೋ?"

ಭಾವಮೈದನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅಷ್ಟೊಂದು ಬೇಜಾರಾ!" ಎಂದವನೇ ಟೂಲ್ ಬಾಕ್ಸಿನ ಸಮೇತ ತಿರುಗಿ ಅಕ್ಕನ ಮನೆಯ ಕಡೆಗೆ ಓಡಿದ. ಸ್ಪ್ಯಾನರುಗಳ ಗಲಗಲ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಕೊನೆಯದಾಗಿ ಕ್ಷೌರದಂಗಡಿ. ಸರದಿ ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ಶೋಕಿ ಅವರಿಗೆ ಯಾವತ್ತೂ ಇರಲಿಲ್ಲ. ಆದರೆ ಮಾತು ಕೊಟ್ಟಾಗ ಕೂದಲು ಕಪ್ಪಗಿತ್ತು, ನಡೆಸುವಾಗಲೂ ಕಪ್ಪಗಿರಲಿ ಎನ್ನಿಸಿತ್ತು.

"ಕಣ್ಣು ಮುಚ್ಕೊಳ್ಳಿ ಸಾರ್, ಬಣ್ಣ ಬಿದ್ರೆ ಉರಿಯುತ್ತೆ" ಎಂದ ಕ್ಷೌರಿಕ.

ಕಣ್ಣು ಮುಚ್ಚಿದೊಡನೆ ಕೆರೆಯ ರಸ್ತೆ ಬಂತು. ಪಕ್ಕದಲ್ಲಿ ಅವಳು. ಕಿಟಕಿಯ ಗಾಜು ಇಳಿಸಿದ್ದಾಳೆ, ಮುಂಗುರುಳು ಕಣ್ಣಿಗೆ ಬಿದ್ದರೂ ಸರಿಸುತ್ತಿಲ್ಲ. ಏನೋ ಹೇಳುತ್ತಾಳೆ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ. "ಏನಂದೆ?" ಎಂದರೆ ಇನ್ನೂ ಹತ್ತಿರಕ್ಕೆ ಬಾಗಿ ಹೇಳುತ್ತಾಳೆ. ಇಷ್ಟೇ. ಗ್ರೀಸಪ್ಪನವರು ಬದುಕಿನಿಂದ ಇದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಹೊರಗೆ ರಸ್ತೆಯಲ್ಲಿ ಒಂದು ಕಾರು ಹಾದುಹೋಯಿತು.

"ಆಹಾ!" ಎಂದರು ಗ್ರೀಸಪ್ಪನವರು ಕಣ್ಣು ತೆರೆಯದೆ. "ಟ್ಯೂನಿಂಗ್ ಅಂದ್ರೆ ಇದು ನೋಡು! ನನ್ನ ಗಾಡಿ ಥರಾನೇ ಇದೆ. ಯಾರೋ ಪುಣ್ಯವಂತ."

"ಯಾವುದೋ ಹಳೇ ಗಾಡಿ ಸಾರ್" ಎಂದ ಕ್ಷೌರಿಕ, ಎಡಗಡೆ ಮುಗಿಸಿ ಬ್ರಷ್ಷು ಅದ್ದಿಕೊಳ್ಳುತ್ತ. "ಆದ್ರೂ ಸಾರ್, ನೀವು ಬೆಂಕಿ ಹಚ್ತೀರಂತಲ್ಲ, ಅದು ಬೇಡ. ಬಿಡೋದಾದ್ರೆ ಸುಮ್ನೆ ಬಿಟ್ಬಿಡಿ. ನಮ್ಮಣ್ಣ ಕುಡಿಯೋದು ಬಿಟ್ಟಾಗ ಬಾಟ್ಲಿ ಒಡೆಯೋಕೆ ಹೋಗಿ ಕೈ ಕುಯ್ಕೊಂಡ."

ಗ್ರೀಸಪ್ಪನವರು ಕಣ್ಣು ತೆರೆದರು. "ಕುಡಿಯೋದಕ್ಕೂ ಗಾಡಿಗೂ ಏನಯ್ಯ ಸಂಬಂಧ?"

"ಎರಡೂ ಬಿಡೋದೇ ತಾನೇ ಸಾರ್?"

ಮೇಷ್ಟ್ರ ಲವಂಗ, ಇಸ್ತ್ರಿಯವನ ಮೂಗು, ಭಾವಮೈದನ ಓಟ ಎಲ್ಲವೂ ಒಮ್ಮೆಲೇ ಕನ್ನಡಿಯಲ್ಲಿ ಕಂಡಂತಾಯಿತು. "ಬಿಡೋದು ಅಂದ್ರೆ ಓಡಿಸೋದು ಕಣಯ್ಯ! ಓಡಿಸೋದು!" ಎಂದು ಕೂಗಿ ಎದ್ದವರೇ ಕುತ್ತಿಗೆಗೆ ಕಟ್ಟಿದ ಬಟ್ಟೆ, ಅರ್ಧ ಕಪ್ಪು ಅರ್ಧ ಬಿಳಿ ತಲೆ, ಕೈಯಲ್ಲಿ ಪೆಟ್ರೋಲಿನ ಕ್ಯಾನು ಸಮೇತ ಬೀದಿಗಿಳಿದರು. ಬೀದಿ ಎರಡು ಭಾಗವಾಗಿ ದಾರಿ ಬಿಟ್ಟಿತು. ಮೇಷ್ಟ್ರು ಗೇಟಿನಲ್ಲಿ ನಿಂತು "ಧೈರ್ಯ! ಧೈರ್ಯ! ಮೊದಲನೇ ದಿನ ಹೀಗೇ ಆಗೋದು!" ಎಂದು ಕೂಗಿದರು.

ಷೆಡ್ಡಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಕಳೆಯಿತ್ತು.

"ಬನ್ನಿ ಬನ್ನಿ! ಇದೇನ್ರೀ ತಲೆ? ಇರ್ಲಿ, ಮೊದಲು ಒಳಗೆ ನೋಡಿ!"

ಒಳಗೆ ಹಸಿರು ಕಾರು ಇರಲಿಲ್ಲ. ಅದರ ಜಾಗದಲ್ಲಿ ಇಟ್ಟಿಗೆಗಳ ಮೇಲೆ ಕೂತಿದ್ದುದನ್ನು ಕಾರು ಎನ್ನಬೇಕಾದರೆ ಅದರ ಬಗ್ಗೆ ಬಹಳ ಪ್ರೀತಿ ಬೇಕು. ಒಂದು ಕಡೆ ಬಾಗಿಲುಗಳಿರಲಿಲ್ಲ, ಇನ್ನೊಂದು ಕಡೆ ಇದ್ದ ಬಾಗಿಲು ಹಗ್ಗದಲ್ಲಿ ನಿಂತಿತ್ತು.

"ಇದಕ್ಕೆ ಇಂಜಿನ್ನೇ ಇಲ್ಲ ರೀ!" ಎಂದಳು ಆಕೆ, ಬಹುಮಾನ ಬಂದವಳಂತೆ.

ಕ್ಷೌರದಂಗಡಿಯ ಮುಂದೆ ಹಾದುಹೋದ ಸದ್ದು ಯಾವುದೆಂದು ಗ್ರೀಸಪ್ಪನವರಿಗೆ ಆಗ ತಿಳಿಯಿತು. ಅವರು ಕ್ಯಾನನ್ನು ಕೆಳಗಿಟ್ಟು ಗೋಡೆ ಹಿಡಿದುಕೊಂಡರು.

"ನೀವು ಬಿಡ್ತೀರಂತೆ ಅಂತ ಮೇಷ್ಟ್ರ ಮನೆಯವ್ರು ಬಂದು ಹೇಳಿದಾಗ ನನ್ನ ಜೀವಾನೇ ಹೋಯ್ತು. ಬೆಳಿಗ್ಗೆ ಒಂದು ಸ್ಕ್ರೂನೂ ಉಳಿದಿಲ್ಲ ಅಂದಾಗ್ಲೇ ಅಂದ್ಕೊಂಡೆ, ಇನ್ನು ಈ ಮನುಷ್ಯ ಏನು ಮಾಡ್ತಾರೆ ಅಂತ. ಆವತ್ತು ಗೇರ್ ಬಾಕ್ಸ್ ಸಿಗದೆ ಮನೇಲಿ ಕೂತಿದ್ರಲ್ಲ, ನನ್ನ ಹೊಲಿಗೆ ಮೆಷಿನ್ನು ಬಿಚ್ಚಿದ್ರಿ, ಗಡಿಯಾರ ಬಿಚ್ಚಿದ್ರಿ, ಬಿಚ್ಚೋಕೆ ಏನೂ ಸಿಗದೆ ಕಿಟಕಿ ಹತ್ರ ಕೂತು ಸುಮ್ನೆ ರಸ್ತೆ ನೋಡ್ತಿದ್ರಿ. ಆ ಮುಖ ನನ್ನಿಂದ ನೋಡೋಕಾಗ್ಲಿಲ್ಲ ರೀ. ಅಷ್ಟರಲ್ಲಿ ನನ್ನ ತಮ್ಮ ಓಡಿ ಬಂದು ಭಾವ ಗಾಡಿ ಸುಡ್ತಾರೆ ಅಂದ. ಹಳೇ ಗಾಡಿ ವ್ಯಾಪಾರಿಗೆ ಆಗಲೇ ಫೋನ್ ಮಾಡ್ದೆ. ನಮ್ಮ ಹಸಿರು ಗಾಡಿ ತಗೊಂಡು ನಿನ್ನ ಹತ್ರ ಇರೋದ್ರಲ್ಲಿ ಅತ್ಯಂತ ಹಾಳಾದ್ದು ತಂದುಕೊಡು ಅಂದೆ. ನಿಜವಾಗ್ಲೂನಾ ಅಮ್ಮ ಅಂತ ಎರಡೆರಡು ಸಲ ಕೇಳಿದ. ಕಾಗದ ನನ್ನ ಹೆಸರಲ್ಲೇ ಇತ್ತಲ್ಲ, ಸಹಿ ಹಾಕ್ಕೊಟ್ಟೆ."

ಈ ಸಲ ಮಾರಬಾರದೆಂದೇ ಗ್ರೀಸಪ್ಪನವರು ಗಾಡಿಯನ್ನು ಅವಳ ಹೆಸರಿಗೆ ಮಾಡಿಸಿದ್ದರು.

"ಇವಳೇ, ನಾನು ಬಿಡ್ತೀನಿ ಅಂದಿದ್ದು..." ಎಂದು ಶುರುಮಾಡಿದರು. ಆಕೆಯ ಮುಖ ನೋಡಿದರು. ಅಷ್ಟು ಖುಷಿಯ ಮುಖಕ್ಕೆ ಹೇಳುವ ಮಾತು ಅದಾಗಿರಲಿಲ್ಲ. "ಸುಮ್ನೆ ಬಾಯಿಮಾತಿಗೆ" ಎಂದು ಮುಗಿಸಿದರು.

"ನಂಗೊತ್ತು. ನಿಮ್ಮ ಕೈಲಿ ಆಗುತ್ತಾ ಬಿಡೋಕೆ?" ಎಂದು ಆಕೆ ನಕ್ಕಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ದನಿ ತಗ್ಗಿಸಿದಳು. "ಒಂದು ಮಾತು ಕೇಳ್ತೀನಿ, ನಗಬಾರ್ದು. ಇದು ಮುಗಿದ ಮೇಲೆ ಮಾರೋಕೆ ಮುಂಚೆ ನನ್ನ ಒಂದು ಸಲ ಕೆರೆ ತನಕ ಕರ್ಕೊಂಡು ಹೋಗ್ತೀರಾ? ಪಕ್ಕದಲ್ಲಿ ಕೂತ್ಕೊಂಡು ಹೋಗೋ ಆಸೆ ಇನ್ನೂ ಹೋಗಿಲ್ಲ ರೀ ನಂಗೆ."

ಗ್ರೀಸಪ್ಪನವರು ಬಾಗಿ ಕಾರಿನೊಳಗೆ ನೋಡಿದರು. ಪಕ್ಕದ ಸೀಟಿರಬೇಕಾದ ಕಡೆ ಸೀಟಿರಲಿಲ್ಲ, ಅದರ ಕೆಳಗಿನ ತಗಡೂ ಇರಲಿಲ್ಲ, ಷೆಡ್ಡಿನ ನೆಲ ಕಾಣುತ್ತಿತ್ತು. ಅವರು ಕಣ್ಣು ಒರೆಸಿಕೊಂಡು ತೋಳು ಮಡಚಿದರು.

"ಕರ್ಕೊಂಡು ಹೋಗ್ತೀನಿ. ಹಗಲೂ ರಾತ್ರಿ ಕೂತು ಬೇಗ ಮುಗಿಸಿಬಿಡ್ತೀನಿ, ನೋಡ್ತಿರು."

"ಅಯ್ಯೋ, ಬೇಗ ಬೇಡ ರೀ!" ಎಂದು ಆಕೆ ಗಾಬರಿಯಿಂದ ಅವರ ಕೈ ಹಿಡಿದುಕೊಂಡಳು. "ಅವಸರ ಏನಿದೆ, ನಿಧಾನವಾಗಿ ಮಾಡಿ."