ಅರ್ಧ ಗಂಟೆಯ ಗುಂಯ್

ಇದು ನಡೆದದ್ದೇ. ನಂಬದವರು ಕೆಟ್ಟ ಮೋಟಾರೊಂದನ್ನು ಹೊತ್ತು ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲಿ. ಕೇಳದಿದ್ದರೂ ಯಾರಾದರೊಬ್ಬರು ಬಂದು ಹೇಳುತ್ತಾರೆ.

ತಕರಾರು ಒಂದು ಕೋಣೆಯದು. ಕೆಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತಿಕೊಡುವ ನಬೀಸಾಬರ ರಿವೈಂಡಿಂಗ್ ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಅವರ ತಂಗಿಯ ಮಗ ಸೈಫುಲ್ಲಾ ಹಾರ್ಮೋನಿಯಂನ ಒಂದೇ ಸ್ವರದ ಮನೆ ಒತ್ತಿಹಿಡಿದು, ಅದಕ್ಕೆ ಗಿಟಾರಿನ ನರಳಾಟ ಬೆರೆಸಿ, ಕಂಪ್ಯೂಟರಿನಲ್ಲಿ ಎಳೆದೆಳೆದು ‘ಡ್ರೋನ್ ಸಂಗೀತ’ ಮಾಡುತ್ತಿದ್ದ. ತಾಳವಿಲ್ಲ, ಪದವಿಲ್ಲ, ಸುರಿಯಲೋ ಬೇಡವೋ ಎಂದು ಯೋಚಿಸುವ ಮೋಡದ ಹಾಗೆ ಅರ್ಧ ಗಂಟೆ ಒಂದೇ ಸ್ವರ. ಹಿಂದಿನ ಆಲ್ಬಮ್ಮನ್ನು ಇಂಟರ್‌ನೆಟ್ಟಿನಲ್ಲಿ ಪೂರ್ತಿ ಕೇಳಿದವರು ಪೋಲೆಂಡಿನವನೊಬ್ಬ ಮತ್ತು ಸ್ವತಃ ಸೈಫುಲ್ಲಾ.

“ತಂತಿ ಇಡಾಕೆ ಜಾಗ ಇಲ್ಲ ನೋಡಪ್ಪಾ,” ಎಂದರು ನಬೀಸಾಬ್ ಬೆಳಿಗ್ಗೆ, ಎಂದಿನಂತೆ ಕೆಮ್ಮುತ್ತ. “ಇವತ್ತು ಹೊಸಾದು ಬಿಡುಗಡೆ ಅಂತೀಯಲ್ಲ, ಅಂಗಡಿ ಮುಂದೇನೇ ಹಾಕು. ಊರೋರು ಕೊನೇತನಕ ಕೂತು ಕೇಳಿದ್ರೆ ರೂಮು ನಿಂದು. ಎದ್ದು ಹೋದ್ರೆ ಸಂಜೀಗೇ ಖಾಲಿ ಮಾಡು.”

ಸೈಫುಲ್ಲಾ ಪಕ್ಕದ ಮೊಬೈಲ್ ಅಂಗಡಿಯ ಕೃಷ್ಣನ ಮುಂದೆ ಗೋಳಾಡಿದ. ಕೃಷ್ಣ ಊರಿನ ಅರ್ಧ ಜನರ ದನಿಯನ್ನು ಗಂಟಲಲ್ಲಿ ಇಟ್ಟುಕೊಂಡವನು.

“ಜನ ತಾನೆ? ನಂಗೆ ಬಿಡು ಸೈಫು,” ಎಂದ.

ನಾಲ್ಕು ಗಂಟೆಗೆ ಕುರ್ಚಿ ಸಾಲದಾಯಿತು. ಅಡಿಕೆ ವ್ಯಾಪಾರದ ಮುರುಗೇಶಪ್ಪ ಬಂದರು. ಪ್ರೇಮಮ್ಮ ಹಿಟ್ಟಿನ ಗಿರಣಿಗೆ ಬೀಗ ಹಾಕಿ ಬಂದರು. ಸ್ಪೀಕರ್ ‘ಗುಂಯ್’ ಎಂದಿತು. ಒಬ್ಬರೂ ಮೊಬೈಲ್ ನೋಡಲಿಲ್ಲ. ಮುರುಗೇಶಪ್ಪ ಕಣ್ಣು ಮುಚ್ಚಿ, ಎದೆ ಪರೀಕ್ಷಿಸುವ ಡಾಕ್ಟರಂತೆ ಕಿವಿಯನ್ನು ಸ್ಪೀಕರಿಗೆ ಆನಿಸಿದರು. ಪ್ರೇಮಮ್ಮ ಅದರ ನೆತ್ತಿಯ ಮೇಲೆ ಅಂಗೈಯಿಟ್ಟರು. ಗಿಟಾರ್ ನರಳಿದಾಗ ಸಭೆಯೆಲ್ಲ “ಹ್ಞಾಂ” ಎಂದು ತಲೆದೂಗಿತು. ಸೈಫುಲ್ಲಾನ ಕಣ್ಣು ತುಂಬಿತು. ಪೋಲೆಂಡಿನವನೂ ಇಷ್ಟು ಕಿವಿ ಕೊಟ್ಟಿರಲಾರ.

ಸ್ವರ ನಿಂತಿತು. ಮುರುಗೇಶಪ್ಪ ಎದ್ದರು.

“ಬೇರಿಂಗ್.”

“ಏನಂದ್ರಿ?” ಎಂದ ಸೈಫುಲ್ಲಾ.

“ಬೇರಿಂಗ್ ಹೋಗೈತೆ. ಅನುಮಾನಾನೇ ಇಲ್ಲ.”

“ಯಾವ ಬೇರಿಂಗ್ ರೀ?” ಪ್ರೇಮಮ್ಮ ಸೆರಗು ಸಿಕ್ಕಿಸಿದರು. “ಗಿರಣಿ ಮೋಟಾರ್ ಜೊತೆ ಜೀವ ತೇದೀನಿ ನಾನು. ಕಾಯಿಲ್ ಸುಡೋ ಹೊತ್ತಿಗೆ ಅದು ಹಿಂಗೇ ಅಳ್ತೈತೆ.”

“ಕೆಪಾಸಿಟರ್,” ಎಂದಿತು ಹಿಂದಿನ ಸಾಲು.

ನಬೀಸಾಬ್ ಕಕ್ಕಾಬಿಕ್ಕಿಯಾದರು. “ಏನ್ರೀ ಇದು?”

“ನೀವೇ ಫೋನ್ ಮಾಡಿದ್ರಲ್ಲ ಸಾಬ್ರೆ,” ಎಂದರು ಮುರುಗೇಶಪ್ಪ. “ಮೋಟಾರ್ ಸೌಂಡ್ ಹಾಕ್ತೀವಿ, ಕೊನೇತನಕ ಕೇಳಿ ಏನು ಕೆಟ್ಟೈತೆ ಅಂತ ಸರಿಯಾಗಿ ಹೇಳಿದೋರಿಗೆ ರಿವೈಂಡಿಂಗ್ ಫ್ರೀ ಅಂತ. ನಡುನಡುವೆ ಕೆಮ್ಮಿದ್ರಿ ಬೇರೆ.”

ಕೃಷ್ಣ ಮೆಲ್ಲಗೆ ತನ್ನ ಅಂಗಡಿಯ ಶಟರ್ ಎಳೆದುಕೊಂಡ.

ಅಂಗಡಿಯ ಹೆಸರಿನಲ್ಲಿ ಹೋದ ಮಾತನ್ನು ಅಲ್ಲಗಳೆಯುವುದು ನಬೀಸಾಬರಿಗೆ ಒಗ್ಗದು. ಅವರು ಅಳಿಯನ ಕಡೆ ತಿರುಗಿದರು. “ಹಾಕಿದೋನು ನೀನು. ಯಾರು ಹೇಳಿದ್ದು ಸರಿ?”

ಮೋಟಾರೇ ಅಲ್ಲ, ಸಂಗೀತ ಎಂದರೆ ಅದನ್ನು ಸಂಗೀತವಾಗಿ ಒಬ್ಬರೂ ಕೇಳಿಲ್ಲವೆಂದು ತಾನೇ ಒಪ್ಪಿದಂತೆ, ಕೋಣೆ ಹೋಯಿತು. ಒಬ್ಬರದು ಸರಿ ಎಂದರೆ ಉಳಿದವರು ಸ್ಪೀಕರ್ ಬಿಚ್ಚಿ ನೋಡುವವರೇ. ಸೈಫುಲ್ಲಾ ಸ್ಪೀಕರಿಗೆ ಅಡ್ಡ ನಿಂತ.

“ಎಲ್ಲಾರ್ದೂ ಸರಿ. ಅದಕ್ಕಿರೋ ಕಾಯಿಲೆ ಒಂದಲ್ಲ.”

ಚಪ್ಪಾಳೆ ಬಿತ್ತು. ಅವನ ಸಂಗೀತ ಜೀವನದ ಮೊದಲ ಚಪ್ಪಾಳೆ.

“ಮಾತು ಅಂದ್ರೆ ಮಾತು,” ಎಂದರು ನಬೀಸಾಬ್. “ಕೊನೇತನಕ ಕೂತ್ರು. ರೂಮು ನಿಂದೇ.” ಕೋಣೆಯ ಕಡೆ ಕೈ ತೋರಿ, “ಎಲ್ಲಾರ್ದೂ ಸರಿ ಅಂದೋನೂ ನೀನೇ. ಫ್ರೀಗೆ ಬರೋ ಮೋಟಾರೆಲ್ಲಾ ಅದ್ರಾಗೇ ಇಟ್ಕೊಂಡು ಸುತ್ತು.”

ಕತ್ತಲಾಗುವ ಮುಂಚೆಯೇ ಸ್ಕೂಟರಿನಲ್ಲಿ, ತಳ್ಳುಗಾಡಿಯಲ್ಲಿ, ಹೆಗಲ ಮೇಲೆ ಮೋಟಾರುಗಳು ಬಂದವು. ಅವು ಒಳಗೆ ಹೋದಂತೆ ಹಾರ್ಮೋನಿಯಂ ಹೊರಗೆ ಬಂತು, ಗಿಟಾರ್ ಬಂತು, ಕೊನೆಗೆ ಸೈಫುಲ್ಲಾನೇ ಬಂದು ಮೆಟ್ಟಿಲ ಮೇಲೆ ತಾಮ್ರದ ತಂತಿ ಹಿಡಿದು ಕೂತ.

ಕೃಷ್ಣ ಮೆಲ್ಲಗೆ ಬಂದು ಎದುರು ಕೂತ. ಸೈಫುಲ್ಲಾ ಬಯ್ಯಲು ಬಾಯಿ ತೆರೆದ. ಅಷ್ಟರಲ್ಲಿ ಮುರುಗೇಶಪ್ಪ ಹಿಂದಿರುಗಿ ಬಂದರು.

“ಸೈಫುಲ್ಲಾ, ಮುಂದಿನ ಬಿಡುಗಡೆ ಯಾವಾಗಪ್ಪಾ? ನಮ್ಮ ತಮ್ಮಂದೂ ಒಂದು ಕೆಟ್ಟೈತೆ. ಅವನೂ ಬಂದು ಕೇಳ್ತಾನಂತೆ.”

ಕೃಷ್ಣ ಬಾಯಿಗೆ ಕೈ ಅಡ್ಡ ಹಿಡಿದ. ಒಳಗೆ ನಬೀಸಾಬರೂ ಕಿಸಕ್ಕೆಂದರು. ಆದರೆ ಬೀದಿಯ ಆ ತುದಿಯವರೆಗೆ ಕೇಳಿಸಿದ ನಗೆ, ಮಡಿಲಿನ ತಂತಿಯೆಲ್ಲ ಗೋಜಲಾಗುವಂತೆ ಕುಲುಕಿ ಕುಲುಕಿ ನಗುತ್ತಿದ್ದ ಸೈಫುಲ್ಲಾನದು.