ಪುಲ್ಲಿ ಚಿಕ್ಕದಾದಷ್ಟೂ

ಕಾರು ತಯಾರಿಸಿದ ಕಂಪನಿಗಿಂತ ತನಗೇ ಹೆಚ್ಚು ಗೊತ್ತು ಎಂದು ನಂಬಿದವನು ಪ್ರತಿ ಬೀದಿಯಲ್ಲೂ ಒಬ್ಬ ಇರುತ್ತಾನೆ. ಕಾಕ್ಸ್ ಟೌನಿನ ನಮ್ಮ ಬೀದಿಯವನು ನನ್ನ ಮನೆಯ ಕೆಳಗೇ ಬಾಡಿಗೆಗಿದ್ದ. ಹಾಗಾಗಿ ಇಂಥ ಪ್ರಸಂಗಗಳಿಗೆ ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅವೇ ಮೆಟ್ಟಿಲು ಹತ್ತಿ ಬರುತ್ತಿದ್ದವು.

ನನ್ನ ಬಳಿ ಗಣಿತದ ಡಿಗ್ರಿ ಇತ್ತು, ಕಾರು ಇರಲಿಲ್ಲ. ಅವನ ಬಳಿ ಕಾರು ಇತ್ತು. ಹಳೆಯ ಸಣ್ಣ ಕಾರು. ಅದಕ್ಕೆ ದಪ್ಪ ಟೈರು, ಗುಡುಗುವ ಸೈಲೆನ್ಸರು ಎಲ್ಲ ಹಾಕಿಸಿ ಮುಗಿದ ಮೇಲೆ ಅವನ ಕಣ್ಣು ಎಂಜಿನ್ನಿನ ಪುಲ್ಲಿಯ ಮೇಲೆ ಬಿತ್ತು. ಎಂಜಿನ್ ತಿರುಗಿದಾಗ ಈ ಪುಲ್ಲಿ ಒಂದು ಬೆಲ್ಟನ್ನು ಎಳೆಯುತ್ತದೆ. ಆ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ಎಂಜಿನ್ ತಣ್ಣಗಿಡುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಪುಲ್ಲಿ ಚಿಕ್ಕದಾದರೆ ಅವೆರಡೂ ನಿಧಾನವಾಗುತ್ತವೆ, ಎಂಜಿನ್ನಿಗೆ ಭಾರ ಕಡಿಮೆಯಾಗುತ್ತದೆ, ಕಾರು ಹಾರುತ್ತದೆ. ಇದು ಅವನ ಸಿದ್ಧಾಂತ.

"ಸಿದ್ಧಾಂತ ಸರಿ" ಎಂದೆ. "ಹಿಂದಿನ ಸೀಟಲ್ಲಿರೋ ಛತ್ರಿ ಇಳಿಸಿದ್ರೂ ಅಷ್ಟೇ ಲಾಭ."

ಅವನು ಛತ್ರಿಯನ್ನೂ ಇಳಿಸಿದ.

ಅವನ ಹೆಂಡತಿ ಇಂದಿರಾನಗರದ ಒಂದು ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಅವಳನ್ನು ಬಿಡುವುದು ಇದೇ ಕಾರಿನಲ್ಲಿ. ಅವಳು ಎಲ್ಲಕ್ಕೂ ಒಪ್ಪಿದಳು, ಒಂದು ಷರತ್ತಿನ ಮೇಲೆ: "ಏನ್ ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ನಾನು ಸೀರೆ ಎತ್ತಿ ಕಟ್ಕೊಂಡು ಇದನ್ನ ತಳ್ಳೋ ದಿನ ಬಂದ್ರೆ, ಆವತ್ತೇ ಮಾರಾಟ."

ಅವನು ನಕ್ಕ. ಅವಳು ನಗಲಿಲ್ಲ.

ಅಳತೆ

ದುಂಡಗಿನ ವಸ್ತುವನ್ನು ನೇರ ಸ್ಕೇಲಿನಲ್ಲಿ ಅಳೆಯುವುದು ಅವನಿಗೆ ಸರಿಬರಲಿಲ್ಲ. ಪುಲ್ಲಿ ಬಿಚ್ಚಿಸಿ, ಪೇಪರಿನಲ್ಲಿ ಸುತ್ತಿ, ಬೀದಿ ಕೊನೆಯ ಟೈಲರ್ ಹತ್ತಿರ ಒಯ್ದ. ಟೈಲರ್ ಸಾಹೇಬರು ಹಿರಿಯರು. ಟೇಪನ್ನು ಪುಲ್ಲಿಗೆ ಸೊಂಟಕ್ಕೆ ಸುತ್ತುವಂತೆ ಸುತ್ತಿ, ಕನ್ನಡಕ ಸರಿಮಾಡಿ, ಅಳತೆ ಹೇಳಿದರು. ಇವನು ಅದರಲ್ಲಿ ಎರಡಿಂಚು ಕಳೆದ. ಪೈನಿಂದ ಭಾಗಿಸುವ ಕೆಲಸ ನನಗೆ ಬಂತು. ನನ್ನ ಡಿಗ್ರಿ ಅಲ್ಲಿಯವರೆಗೆ ಮಾಡಿದ ಏಕೈಕ ಸಮಾಜಸೇವೆ ಅದು.

ಶಿವಾಜಿನಗರದ ಲೇತ್ ಅಂಗಡಿಯವನು ಕೊಟ್ಟ ಅಳತೆಗೆ ಸರಿಯಾಗಿ ಹೊಸ ಪುಲ್ಲಿ ಮಾಡಿಕೊಟ್ಟ. ಇವನು ಅದಕ್ಕೆ ಕೆಂಪು ಬಣ್ಣ ಹೊಡೆಸಿದ. ಹಳೆಯದರ ಪಕ್ಕ ಇಟ್ಟು ನೋಡಿದರೆ ಎರಡೂ ಅವಳಿ ಜವಳಿ. ಒಂದು ಕೂದಲೆಳೆ ವ್ಯತ್ಯಾಸವಿಲ್ಲ.

ಎರಡನ್ನೂ ಹೊತ್ತು ಟೈಲರ್ ಹತ್ತಿರ ಓಡಿದೆವು.

"ಸಾಹೇಬ್ರೇ, ಅಳತೆ ತಪ್ಪಾಗಿದೆ!"

"ನನ್ನ ಅಳತೆ ತಪ್ಪಾಗಲ್ಲ ಸಾರ್" ಎಂದರು ಅವರು, ನೊಂದುಕೊಂಡು. "ಎರಡಿಂಚು ಲೂಸ್ ಸೇರಿಸೇ ಹೇಳಿದ್ದು. ಎಲ್ಲರಿಗೂ ಹಾಗೇ ಹೇಳೋದು. ಟೈಟ್ ಫಿಟ್ಟಿಂಗ್ ಬೇಕು ಅಂತ ನೀವು ಮೊದ್ಲೇ ಹೇಳ್ಬೇಕಲ್ವಾ? ನಾಳೆ ಒಗೆದ ಮೇಲೆ ಕುಗ್ಗಿಬಿಟ್ರೆ, ಹೆಸರು ಕೆಡೋದು ನಂದು."

ಸ್ಪರ್ಧೆ

ಎರಡನೆಯ ಸಲ ಅದೇ ಪುಲ್ಲಿ ಲೇತಿನಲ್ಲಿ ಕೆತ್ತಿಸಿಕೊಂಡು ನಿಜಕ್ಕೂ ಚಿಕ್ಕದಾಗಿ ಬಂತು. ಮತ್ತೆ ಕೆಂಪು ಬಣ್ಣ. ಹಲಸೂರಿನ ಮೆಕ್ಯಾನಿಕ್ ಅದನ್ನು ಕೂರಿಸಿಕೊಟ್ಟ. ಖಾಲಿ ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಓಡಿತು. ತೊಂದರೆಯೆಂದರೆ, ಬೆಂಗಳೂರಿನಲ್ಲಿ ಖಾಲಿ ರಸ್ತೆ ಇರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಡೈನಮೋ ತೂಕಡಿಸುತ್ತಿತ್ತು, ಹಾರ್ನು ಜ್ವರ ಬಂದ ಆಡಿನಂತೆ ಅರಚುತ್ತಿತ್ತು. ಹಾಗಾಗಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಒತ್ತಿ ಗುಡುಗಿಸುತ್ತಿರಬೇಕಾಗಿತ್ತು.

ಒಂದು ಬೆಳಿಗ್ಗೆ ಹಲಸೂರು ಕೆರೆಯ ಹತ್ತಿರ ಹಾಗೆಯೇ ಗುಡುಗಿಸುತ್ತ ನಿಂತಿದ್ದೆವು. ಹೆಂಡತಿ ಮುಂದೆ, ನಾನು ಹಿಂದೆ. ಪಕ್ಕದಲ್ಲಿ ಸ್ಕೂಟರಿನ ಮೇಲೆ ಒಬ್ಬ ವಯಸ್ಸಾದ ಯಜಮಾನರು. ಕಾಲಿನ ನಡುವೆ ನುಗ್ಗೇಕಾಯಿ ಕಟ್ಟು. ಒಂದೆರಡು ಸಲ ಸಹಿಸಿಕೊಂಡು ಆಮೇಲೆ ತಿರುಗಿದರು.

"ಏನಪ್ಪಾ, ನನ್ನ ಹತ್ರ ರೇಸಾ?"

"ಅಯ್ಯೋ ಇಲ್ಲ ಸಾರ್! ಬ್ಯಾಟರಿ!"

"ಎಲ್ರೂ ಸೋತ ಮೇಲೆ ಹಾಗೇ ಹೇಳೋದು" ಎಂದು ಅವರೂ ಸ್ಕೂಟರನ್ನು ಗುಡುಗಿಸತೊಡಗಿದರು.

ಇವನು ನಾಚಿಕೆಯಿಂದ ಕಾಲು ತೆಗೆದ. ಹಸಿರು ದೀಪ ಬಂತು. ಎಂಜಿನ್ ಹೋಯಿತು. ಯಜಮಾನರು ಆಚೆ ಬದಿ ಸೇರಿ, ಸ್ಕೂಟರು ನಿಲ್ಲಿಸಿ, ಹಿಂದಿರುಗಿ ನೋಡಿ, ಒಂದು ನುಗ್ಗೇಕಾಯಿ ಎತ್ತಿ ಆಡಿಸಿದರು.

ನಾನು ಇಳಿದು ತಳ್ಳಿದೆ. ಹೆಂಡತಿ ಕೂತಲ್ಲಿಂದ ಅಲ್ಲಾಡದೆ ಹೇಳಿದಳು: "ಇದು ಲೆಕ್ಕಕ್ಕಿಲ್ಲ. ನಾನು ಇಳಿದಿಲ್ಲ." ಸ್ಟೀರಿಂಗಿನ ಹಿಂದಿನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

ಬೇಸಿಗೆ

ಅವನ ಮಾವ ಗುಲ್ಬರ್ಗದಿಂದ ಬಂದಿದ್ದರು. ಬೇಸಿಗೆ ಕಳೆಯಲು ಮಗಳ ಮನೆಗೆ ಬರುವುದು ಅವರ ಪದ್ಧತಿ. ರಾಮಮೂರ್ತಿ ನಗರದ ನೆಂಟರ ಮನೆಗೆಂದು ಎಲ್ಲರೂ ಹೊರಟೆವು. ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ಆಗಿನ್ನೂ ಹೊಸದು. ಟ್ರಾಫಿಕ್ ಜಾಮ್ ಮಾತ್ರ ಹಳೆಯದೇ. ನೀರಿನ ಪಂಪು ತೆವಳುತ್ತಿತ್ತು, ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು.

ಎಂಜಿನ್ನಿನ ಬಿಸಿ ಇಳಿಸಲು ಉಳಿದಿದ್ದ ಉಪಾಯ ಒಂದೇ: ಕಾರಿನ ಹೀಟರ್ ಹಾಕಿ ಆ ಬಿಸಿಯನ್ನು ಒಳಗೆ ಎಳೆದುಕೊಳ್ಳುವುದು. ಅವನು ಹಾಕಿದ. ಏಪ್ರಿಲ್ ತಿಂಗಳು, ಮಧ್ಯಾಹ್ನ.

ಮಾವ ಪೇಟ ತೆಗೆದರು. ಕೋಟು ಬಿಚ್ಚಿದರು. ಕೊನೆಗೆ, "ಅಳಿಯಂದ್ರ, ಗುಲ್ಬರ್ಗಾ ಬಿಟ್ಟು ಬಂದೀನಿ ಅಂತ ನನಗ ಬ್ಯಾಸರ ಆಗಬಾರದು ಅಂತ ಹಿಂಗ ಮಾಡೀರೇನ್ರಿ?" ಎಂದರು.

ಆಗಲೇ ಎಂಜಿನ್ ಕೆಮ್ಮಿ ನಿಂತಿತು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ. ಹೆಂಡತಿ ಬಾಗಿಲಿಗೆ ಕೈ ಹಾಕಿದಳು.

"ಇಳೀಬೇಡ! ದಮ್ಮಯ್ಯ, ಇಳೀಬೇಡ!" ಎಂದು ಇವನು ಕೂಗಿದ.

ಅಷ್ಟರಲ್ಲಿ ಮಾವ ಬನಿಯನ್ನಿನಲ್ಲೇ ಇಳಿದು, ನನ್ನ ಜೊತೆ ಕಾರನ್ನು ಬದಿಗೆ ತಳ್ಳಿಯಾಗಿತ್ತು. ಉರಿಬಿಸಿಲಿನಲ್ಲಿ ನಿಂತು ಎದೆತುಂಬ ಉಸಿರೆಳೆದುಕೊಂಡು ಅವರು ಹೇಳಿದರು: "ಆಹಾ! ಬೆಂಗಳೂರು ಭಾಳ ತಂಪದ ನೋಡ್ರಿ."

ಕೆಂಪು ಪುಲ್ಲಿ

ಮರುದಿನ ಹೆಂಡತಿ ಶಾಲೆಯಿಂದ ಆಟೋ ಹಿಡಿದು ನೇರ ಹಲಸೂರಿನ ಗ್ಯಾರೇಜಿಗೆ ಹೋದಳು. ಮೆಟ್ಟಿಲ ಮೇಲೆ ಸಿಕ್ಕಾಗ ನನಗೆ ಮಾತ್ರ ಹೇಳಿದಳು. ಕಾರು ಸರ್ವೀಸಿಗೆ ಬಂದಾಗ ಕಂಪನಿಯ ಹಳೆಯ ಪುಲ್ಲಿಗೇ ಕೆಂಪು ಬಣ್ಣ ಬಳಿದು ಕೂರಿಸಬೇಕು, ಗಂಡನ ಹತ್ತಿರ ಬಾಯಿ ಬಿಡಬಾರದು ಎಂದು ತಾಕೀತು ಮಾಡಿ ಬಂದಿದ್ದಳು. ಮೆಕ್ಯಾನಿಕ್ ಕೈಮುಗಿದನಂತೆ: "ನಾನೇ ಹೇಳ್ಬೇಕು ಅಂತಿದ್ದೆ ಮೇಡಂ. ಸಾರ್ ಬಂದ್ರೆ ಮಾತಾಡೋಕೇ ಬಿಡಲ್ಲ."

ಸರ್ವೀಸಾಗಿ ಬಂದ ದಿನ ಇವನು ನನ್ನನ್ನು ಕೂರಿಸಿಕೊಂಡು ಬೆನ್ಸನ್ ಟೌನ್ ಸುತ್ತ ಒಂದು ರೌಂಡು ಹಾಕಿದ. ಮುಖ ಅರಳಿತ್ತು.

"ನೋಡ್ದೆಯಾ ಗುರು, ಎಳೆತ? ಪುಲ್ಲಿ ಈಗ ಸೆಟ್ ಆಗಿದೆ. ಚಿಕ್ಕ ಪುಲ್ಲಿ ಅಂದ್ರೆ ಇದು!"

ಹಾರ್ನು ಮನುಷ್ಯರಂತೆ ಕೂಗುತ್ತಿತ್ತು. ಬಿಸಿಯ ಮುಳ್ಳು ಮಲಗಿತ್ತು. ನಾನು ಕಿಟಕಿಯಾಚೆ ನೋಡುತ್ತ, "ವಿಜ್ಞಾನ ದೊಡ್ಡದು" ಎಂದೆ.

ಓಟ

ಊರಾಚೆಯ ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ಇಂಥ ಕಾರುಗಳವರೆಲ್ಲ ಸೇರಿ ಒಂದು ಭಾನುವಾರ ಓಡಿಸಿ ನೋಡುವ ಏರ್ಪಾಟಿತ್ತು. ಹಿಂದಿನ ಸಲ, ಚಿಕ್ಕ ಪುಲ್ಲಿ ಇದ್ದಾಗ, ಇವನ ಕಾರು ಕಾದು ಅರ್ಧದಲ್ಲೇ ನಿಂತಿತ್ತು. ಈ ಸಲ ಕೊನೆ ಮುಟ್ಟಿತು. ಮುಟ್ಟಿದ ಕಾರು ನಿಂತ ಕಾರಿಗಿಂತ ಖಂಡಿತ ವೇಗ. ನಾಲ್ಕಾರು ಜನ ಬಂದು ಬೆನ್ನು ತಟ್ಟಿ, ಪುಲ್ಲಿಯ ಸೈಜ್ ಎಷ್ಟು ಎಂದು ಕೇಳಿದರು.

"ಅದು ಸೀಕ್ರೆಟ್" ಎಂದ ಇವನು.

"ನಿಮಗೂ ಸೀಕ್ರೆಟ್ಟೇ" ಎಂದಳು ಜೊತೆಗೆ ಬಂದಿದ್ದ ಹೆಂಡತಿ. ಜನ ಚದುರಿದ ಮೇಲೆ ಎಲ್ಲವನ್ನೂ ಹೇಳಿದಳು. ಕಂಪನಿ ಪುಲ್ಲಿ, ಕೆಂಪು ಬಣ್ಣ, ಮೆಕ್ಯಾನಿಕ್. ಕೈಚೀಲದಿಂದ ಆ ಚಿಕ್ಕ ಪುಲ್ಲಿಯನ್ನು ತೆಗೆದು ಬಾನೆಟ್ಟಿನ ಮೇಲೆ ಇಟ್ಟಳು.

ಅವನು ಅದನ್ನೇ ದಿಟ್ಟಿಸಿದ. ಬುದ್ಧಿ ಬಂತು, ಈ ಹುಚ್ಚು ಇಲ್ಲಿಗೆ ಮುಗಿಯಿತು ಎಂದು ನಾನು ಹಗುರಾದೆ. ಅವನು ತಲೆಯೆತ್ತಿದ. ಕಣ್ಣು ಹೊಳೆಯುತ್ತಿತ್ತು.

"ಅಂದ್ರೆ, ದೊಡ್ಡ ಪುಲ್ಲೀಲೇ ಇಷ್ಟು ಓಡಿದ್ರೆ, ಚಿಕ್ಕದು ಹಾಕಿದ್ರೆ ಇನ್ನೆಷ್ಟು..."

ಹೆಂಡತಿ ಕಾರಿನ ಹಿಂದಕ್ಕೆ ನಡೆದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಕೈಗಳನ್ನು ಡಿಕ್ಕಿಯ ಮೇಲೆ ಗಟ್ಟಿಯಾಗಿ ಊರಿ, "ಹಾಕ್ಸಿ. ನಾನು ರೆಡಿ" ಎಂದಳು.

ಇವನು ಒಂದೇ ನೆಗೆತಕ್ಕೆ ಕಾರಿಗೂ ಅವಳಿಗೂ ನಡುವೆ ಬಂದು ನಿಂತ.

"ಬೇಡ, ಬೇಡ" ಎಂದ. "ಪಾಪ, ಕಂಪನಿಯವ್ರಿಗೂ ಸ್ವಲ್ಪ ಗೊತ್ತಿರುತ್ತೆ."